ಸ್ಕಾರ್ಫಿನ ತುದಿಯ ಗಂಟು

ಮಾಟುಂಗದ ಆ ಹೋಟೆಲಿಗೆ ಕಾಲಿಡದೆ ಎಂಟು ವರ್ಷವಾಗಿತ್ತು. ಹಟಕ್ಕೇ ಹೋಗಿರಲಿಲ್ಲ. ಇಡೀ ಮಾಟುಂಗದಲ್ಲಿ ಇಡ್ಲಿ ಸಿಗುವ ಜಾಗ ಅದೊಂದೇ ಅಲ್ಲವಲ್ಲ. ಆದರೆ ಈ ಜುಲೈಯ ಒಂದು ಭಾನುವಾರ ಸ್ಟೇಶನ್ನಿನಿಂದ ಹೊರಗೆ ಬರುವಷ್ಟರಲ್ಲಿ ಮಳೆ ಧಬಧಬ ಸುರಿಯಿತು, ಕೊಡೆ ಉಲ್ಟಾ ಹೊಡೆಯಿತು, ತಲೆ ತಗ್ಗಿಸಿ ಓಡಿ ನಾನು ನುಗ್ಗಿದ್ದು ಅದೇ ಬಾಗಿಲಿಗೆ. ಒಳಗೆ ಫಿಲ್ಟರ್ ಕಾಫಿಯ ವಾಸನೆ, ತುಪ್ಪದ ವಾಸನೆ, ಅದರ ಜೊತೆಗೆ ಗಿರಾಕಿಗಳು ಕಾಲೊರೆಸಲೆಂದು ಹಾಸಿದ ಗೋಣಿತಾಟು ನೆನೆದ ಮುಗ್ಗಲು ವಾಸನೆ. ನೆನೆದ ಗೋಣಿಯ ವಾಸನೆ ಮೂಗಿಗೆ ಬಡಿದರೆ ನನ್ನ ಬಲ ಮೊಣಕಾಲಿನ ಕೆಳಗೆ ಒಂದು ಜಾಗ ಈಗಲೂ ಜುಮ್ಮೆನ್ನುತ್ತದೆ.

ಕಾಫಿ ಹೇಳಿ, ಒದ್ದೆಯಾದ ಬ್ಯಾಗಿನಿಂದ ಸ್ಕಾರ್ಫು ತೆಗೆದು ಮೇಜಿನ ಮೇಲೆ ಹರಡಿದೆ. ಶಾಲೆಯ ಗೈಡ್ಸ್ ಸ್ಕಾರ್ಫು. ಅಷ್ಟು ವರ್ಷ ಟ್ರಂಕಿನಲ್ಲಿ ಬಿದ್ದಿದ್ದು ಅಂದು ಹೊರಬಂದಿತ್ತು. ಗಲ್ಲಾದ ಮೇಲೆ ಕೂತಿದ್ದ ಯಜಮಾನರು ಅದನ್ನು ನೋಡಿ ಮುಖ ಅರಳಿಸಿದರು.

"ನೀವೂ ಗೈಡಾ? ನನ್ನ ಮಗಳೂ ಇದ್ಲು. ನೋಡಿ, ಮೇಲೆ ಫೋಟೋ ಉಂಟು."

ಗಲ್ಲಾದ ಹಿಂದಿನ ಗೋಡೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಒಂದು ದೊಡ್ಡ ಫ್ರೇಮು. ನೀಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ದೊಡ್ಡ ಮನುಷ್ಯರೊಬ್ಬರ ಕೈಯಿಂದ ಪ್ರಮಾಣಪತ್ರ ತೆಗೆದುಕೊಳ್ಳುತ್ತಿದ್ದಾಳೆ. ಅದಕ್ಕೂ ಊದಿನಕಡ್ಡಿಯ ಹೊಗೆ, ಅದಕ್ಕೂ ಮಲ್ಲಿಗೆ ಹಾರ.

"ಶಾಲೆಗೆ ನೀರು ನುಗ್ಗಿದಾಗ ಸಣ್ಣ ಮಕ್ಕಳನ್ನೆಲ್ಲ ಬೆನ್ನ ಮೇಲೆ ಹೊತ್ತು ತಂದದ್ದು ಅವಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಮನೆಯಲ್ಲಿ ಒಂದು ಲೋಟ ತೊಳಿಯುದಿಲ್ಲ, ಅಂಥ ಹುಡುಗಿ. ನಂಬುದಕ್ಕೇ ಕಷ್ಟ ಅಲ್ವಾ?"

"ಹೌದು, ಕಷ್ಟ," ಎಂದೆ.

ಪಾಪ, ಅವರಿಗೆ ಗೊತ್ತಿಲ್ಲ. ಗೊತ್ತಿದ್ದು ಹೇಳಿದ್ದರೆ ಕಾಫಿಯನ್ನು ಅಲ್ಲೇ ಚೆಲ್ಲಿ ಬರುತ್ತಿದ್ದೆ. ಅವರಿಗೆ ನನ್ನ ಗುರುತೂ ಸಿಗಲಿಲ್ಲ. ಆ ಮಕ್ಕಳನ್ನು ಹೊತ್ತು ತಂದವಳು ನಾನು. ಹಗ್ಗ ಇದ್ದದ್ದು ನನ್ನ ಸೊಂಟದಲ್ಲಿ. ಫ್ರೇಮಿನೊಳಗಿನ ಹುಡುಗಿಯ ಕತ್ತಿನಲ್ಲಿ ಸ್ಕಾರ್ಫನ್ನು ಹಿಡಿದಿಟ್ಟ ಚರ್ಮದ ಉಂಗುರವಿದೆಯಲ್ಲ, ವಾಗಲ್ ಅನ್ನುತ್ತಾರೆ ಅದಕ್ಕೆ, ಅದನ್ನು ಹೊಲಿದವರು ನನ್ನ ಅಬ್ಬಾ.

ನನ್ನ ಹೆಸರು ಶಾಹೀನ. ನಮ್ಮವರು ವಿಜಾಪುರದ ಕಡೆಯವರು, ನಾನು ಹುಟ್ಟಿದ್ದು ಧಾರಾವಿಯಲ್ಲಿ. ಅಬ್ಬಾ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಚರ್ಮದ ಬ್ಯಾಗು ಹೊಲಿಯುತ್ತಾರೆ, ಉಳಿದ ಕೆಲಸ ಮನೆಗೂ ತರುತ್ತಾರೆ. ಮನೆಯಲ್ಲಿ ಅಮ್ಮಿ ದಖ್ನಿಯಲ್ಲಿ ಬೈದರೆ ಅಬ್ಬಾ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಓದಿದ್ದು ವಡಾಲದ ಒಂದು ಕನ್ನಡ ಶಾಲೆಯಲ್ಲಿ. ನಾನು ಹುಟ್ಟಾ ಬಾಯಿಬಡುಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇಕಾಗುತ್ತದೆ. ಕ್ಲಾಸಿನಲ್ಲಿ ಎಲ್ಲಿ ಗಲಾಟೆಯಾದರೂ ಮಾಸ್ತರರು ತಿರುಗಿ ನೋಡದೆಯೇ ನನ್ನ ಹೆಸರು ಕರೆಯುತ್ತಿದ್ದರು. ಈಗ ಸಯನ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ವಿಚಾರಣೆ ಕಿಟಕಿಯ ಹಿಂದೆ ಕೂರುತ್ತೇನೆ. ಹಿಂದಿ, ಮರಾಠಿ, ದಖ್ನಿ, ಕನ್ನಡ, ಹರಕುಮುರುಕು ಇಂಗ್ಲಿಷು, ಎಲ್ಲದರಲ್ಲೂ ಬೆಳಗಿನಿಂದ ಸಂಜೆವರೆಗೆ ಮಾತು. ಮಾತಾಡಿಯೇ ಹೊಟ್ಟೆ ಹೊರೆಯುತ್ತಿದ್ದೇನೆ ಅನ್ನಿ.

ನಮ್ಮ ಶಾಲೆಯಲ್ಲಿ ಹುಡುಗಿಯರ ಗೈಡ್ ಕಂಪನಿ ಇತ್ತು. ಅದರ ಕ್ಯಾಪ್ಟನ್ ವನಜಾ ಟೀಚರ್. ಮಂಗಳೂರಿನ ಕಡೆಯವರು, ವಿಜ್ಞಾನ ಕಲಿಸುತ್ತಿದ್ದರು. ಬಿಳಿ ಶೂಗೆ ಸೀಮೆಸುಣ್ಣ ತಿಕ್ಕಿ ಹೊಳಪು ಕೊಡುವುದರಿಂದ ಹಿಡಿದು ಬಾವುಟದ ಮಡಿಕೆಯೊಳಗೆ ಹೂವಿನ ಎಸಳು ಅಡಗಿಸುವುದರವರೆಗೆ ಎಲ್ಲ ಕಲಿಸಿದವರು ಅವರೇ. ಹಗ್ಗ ಎಳೆದಾಗ ಗಂಟು ಬಿಚ್ಚಿ, ಬಾವುಟ ಅರಳಿ, ಎಸಳು ತಲೆಯ ಮೇಲೆ ಉದುರಬೇಕು. ಒಮ್ಮೆ ಉದುರದಿದ್ದರೆ ಅವರ ಮುಖ ದಿನವಿಡೀ ಸಪ್ಪೆ. ನನಗೆ ಅವರೆಂದರೆ ಪ್ರಾಣ. ಸುಳ್ಳು ಯಾಕೆ ಹೇಳಲಿ, ಅಮ್ಮಿಗಿಂತ ಒಂದು ಕೈ ಹೆಚ್ಚೇ.

ಅವರು ಹಾಕಿಕೊಟ್ಟ ಪದ್ಧತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸ್ಕಾರ್ಫಿನ ಗಂಟು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಅನ್ನುವುದು ಎಲ್ಲ ಕಡೆಯ ಸ್ಕೌಟು ಗೈಡುಗಳಿಗೂ ಇರುವ ನಿಯಮ. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಒಂದು ಸಣ್ಣ ಗಂಟು ಹಾಕಿಕೊಳ್ಳುವುದು, ಕೆಲಸ ಮಾಡಿದ ಮೇಲೆ ಬಿಚ್ಚುವುದು, ಇದೂ ಹಳೆಯ ಪದ್ಧತಿಯೇ. ಟೀಚರ್ ಅದಕ್ಕೆ ತಮ್ಮದೊಂದು ಸೇರಿಸಿದ್ದರು.

"ಮಾಡಿದ್ದನ್ನು ಬಾಯಿ ಬಿಟ್ಟು ಹೇಳಿದ್ರೆ ಗಂಟು ಬಿಚ್ಚಿದ ಲೆಕ್ಕ ಅಲ್ಲ. ಅಮ್ಮನಿಗೂ ಹೇಳ್ಲಿಕ್ಕಿಲ್ಲ, ನನಗೂ ಹೇಳ್ಲಿಕ್ಕಿಲ್ಲ. ಗೊತ್ತಾಯ್ತಾ ಶಾಹೀನ? ನಿನಗೇ ಹೇಳುದು."

ಎಲ್ಲರೂ ನಕ್ಕರು. ಆದರೆ ಆ ನಿಯಮವನ್ನು ನಾನು ಪಾಲಿಸಿದಷ್ಟು ಯಾರೂ ಪಾಲಿಸಲಿಲ್ಲ. ನನ್ನಂಥ ಬಾಯಿಗೆ ಅದು ಎಂಥ ಕಷ್ಟ ಎಂದು ಯೋಚಿಸಿ. ಕುರುಡ ಅಜ್ಜನನ್ನು ರಸ್ತೆ ದಾಟಿಸಿ ಬಂದು, ನಾಲಿಗೆ ತುರಿಸುತ್ತಿದ್ದರೂ ತುಟಿ ಕಚ್ಚಿ ಕೂರುತ್ತಿದ್ದೆ. ಹಾಗೆ ಕೂತಾಗ ನಾನು ಬೇರೆಯೇ ಹುಡುಗಿ ಅನಿಸುತ್ತಿತ್ತು. ಆ ಹುಡುಗಿ ನನಗೆ ಬಹಳ ಇಷ್ಟವಾಗಿದ್ದಳು.

ಆ ವರ್ಷ ನಾನು ಒಂಬತ್ತನೇ ಕ್ಲಾಸು. ಕಮಲ ಪೆಟ್ರೋಲಿನ, ಅಂದರೆ ನಮ್ಮ ಕಂಪನಿಯ ಒಂದು ತುಕಡಿಯ, ಲೀಡರ್. ನನ್ನ ಕೈಕೆಳಗಿನವಳು ಪ್ರತೀಕ್ಷಾ, ಈ ಹೋಟೆಲಿನ ಯಜಮಾನರ ಮಗಳು. ಅವಳ ಅಪ್ಪ ಶಾಲೆಯ ಕಮಿಟಿಯಲ್ಲಿದ್ದರು. ನಮ್ಮ ಕ್ಯಾಂಪಿನ ಊಟ, ಟೆಂಟು, ಹಗ್ಗ ಎಲ್ಲ ಅವರ ಕೃಪೆ. ಪ್ರತೀಕ್ಷಾ ಒಳ್ಳೆಯವಳೇ. ಡಬ್ಬಿಯಲ್ಲಿ ನೀರುದೋಸೆ ತಂದರೆ ಅರ್ಧ ನನಗೇ. ಡಿಸೆಂಬರಿನಲ್ಲಿ ನಮ್ಮಿಬ್ಬರಿಗೂ ರಾಜ್ಯ ಪುರಸ್ಕಾರದ ಪರೀಕ್ಷೆ ಇತ್ತು. ಹತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಎಂದು ಶಾಲೆಯಲ್ಲಿ ಗೈಡಿಂಗ್ ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ನಮಗೆ ಅದೇ ಮೊದಲು, ಅದೇ ಕೊನೆ.

ಜೂನ್‌ನಲ್ಲಿ ಟೀಚರ್ ನಮ್ಮ ಮನೆಗೆ ಬಂದರು. ಕ್ಯಾಂಪಿಗೆ ಹೊರಗೆ ಉಳಿಯಲು ಅಮ್ಮಿ ಒಪ್ಪಿರಲಿಲ್ಲ. ಧಾರಾವಿಯ ನಮ್ಮ ಗಲ್ಲಿಯಲ್ಲಿ ಎರಡು ಮನೆಗಳ ನಡುವೆ ಒಬ್ಬರು ಅಡ್ಡ ತಿರುಗಿ ದಾಟಬೇಕು. ಟೀಚರ್ ಬಿಳಿ ಶೂ ಹಾಕಿಕೊಂಡು, ಕೊಡೆ ಮಡಚಿಕೊಂಡು, ಅದನ್ನೆಲ್ಲ ದಾಟಿ ಬಂದು ನಮ್ಮ ಚಾಪೆಯ ಮೇಲೆ ಕೂತರು.

"ನಿಮ್ಮ ಮಗಳು ಬಹಳ ಚುರುಕು. ರಾಜ್ಯ ಪುರಸ್ಕಾರ ಸಿಕ್ಕಿದ್ರೆ ಮುಂದೆ ಕಾಲೇಜಿಗೆ ಹೋದ ಮೇಲೆ ರಾಷ್ಟ್ರಪತಿ ಪ್ರಶಸ್ತಿಗೆ ಕೂತುಕೊಳ್ಬಹುದು. ಅದು ಇದ್ರೆ ರೈಲ್ವೆಯಲ್ಲಿ ಸ್ಕೌಟ್ ಗೈಡ್ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಸರ್ಕಾರಿ ಕೆಲಸ."

ಅಬ್ಬಾ ಬೆನ್ನು ನೆಟ್ಟಗೆ ಮಾಡಿ ಕೂತರು. "ಅಕ್ಕೋರ, ಖರೇನ ಹೇಳಾಕತ್ತೀರೇನ್ರಿ? ನಮ್ಮ ಹುಡುಗಿಗಿ ರೈಲ್ವೆ?"

"ನಿಜವಾಗಿ. ಅವಳ ಜವಾಬ್ದಾರಿ ನನ್ನದು."

ನಮ್ಮ ಗಲ್ಲಿಗೆ ಹಗಲೆಲ್ಲ ಲೋಕಲ್ ಟ್ರೇನಿನ ಸದ್ದು ಕೇಳುತ್ತದೆ. ಅವತ್ತಿನಿಂದ ಅಬ್ಬಾ ಆ ಸದ್ದು ಬಂದಾಗೆಲ್ಲ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಕಾರ್ಖಾನೆಯಲ್ಲಿ ಉಳಿದ ಚರ್ಮದ ಚೂರು ಕೇಳಿ ತಂದು, ನನಗೊಬ್ಬಳಿಗೇ ಅಲ್ಲ, ನಮ್ಮ ಇಡೀ ಕಂಪನಿಗೆ ವಾಗಲ್ ಹೊಲಿದು ಕೊಟ್ಟರು. ಕಂದು ಚರ್ಮ, ಬಿಳಿ ದಾರ, ಅಂಚಿಗೆ ಸಣ್ಣ ಹೆಣಿಗೆ. ಅಷ್ಟು ಚಂದದ್ದನ್ನು ನಾನು ದೊಡ್ಡ ಶಾಲೆಗಳವರ ಕತ್ತಿನಲ್ಲೂ ನೋಡಿಲ್ಲ.

ಜುಲೈಯಲ್ಲಿ ಆ ಶನಿವಾರ ಬಂತು. ಮುಂಬೈಯಲ್ಲಿ ಜೋರು ಮಳೆಗೆ ಸಮುದ್ರದ ಉಬ್ಬರ ಜೊತೆಯಾದರೆ ನೀರು ಎಲ್ಲಿಗೂ ಹೋಗುವುದಿಲ್ಲ, ಮೇಲಕ್ಕೇ ಬರುತ್ತದೆ. ನಮ್ಮ ಶಾಲೆ ಇದ್ದದ್ದು ತಗ್ಗಿನಲ್ಲಿ. ಹಿಂದಿನ ಅಂಗಳದ ಆಚೆ ಒಂದು ತಗಡಿನ ಶೆಡ್ಡು; ಅಲ್ಲಿ ಶನಿವಾರ ಪುಟ್ಟ ಹುಡುಗಿಯರ ಬುಲ್‌ಬುಲ್ ಗುಂಪು ಸೇರುತ್ತಿತ್ತು. ಒಂದನೇ, ಎರಡನೇ ಕ್ಲಾಸಿನ ಮಕ್ಕಳು. ಅವರನ್ನು ನೋಡಿಕೊಳ್ಳುವ ಟೀಚರ್ ಅವತ್ತು ಟ್ರೇನು ನಿಂತು ಬಂದೇ ಇರಲಿಲ್ಲ. ವನಜಾ ಟೀಚರ್ ಮಕ್ಕಳನ್ನು ಶೆಡ್ಡಿನಲ್ಲಿ ಚಿತ್ರ ಬಿಡಿಸಲು ಕೂರಿಸಿ, ಪಾಲಕರಿಗೆ ಫೋನು ಮಾಡಲೆಂದು ಮೇಲಿನ ಆಫೀಸಿಗೆ ಹೋಗಿದ್ದರು. ಪ್ರತೀಕ್ಷಾ ಮತ್ತು ನಾನು ಮೆಟ್ಟಿಲ ಹತ್ತಿರ ಹಗ್ಗದ ಗಂಟುಗಳ ಅಭ್ಯಾಸ ಮಾಡುತ್ತಿದ್ದೆವು. ನೋಡನೋಡುತ್ತ ಅಂಗಳ ತುಂಬಿತು.

ನೀರು ಸೊಂಟದ ಮಟ್ಟದ್ದು, ಈಜುವಂಥದ್ದೇನಲ್ಲ. ಭಯ ಬೇರೆಯೇ ಇತ್ತು. ನೀರು ಬೇಗ ಇಳಿಯಲಿ ಎಂದು ಬೆಳಿಗ್ಗೆ ಯಾರೋ ಅಂಗಳದ ಮೋರಿಯ ಮುಚ್ಚಳ ತೆಗೆದಿಟ್ಟಿದ್ದರು. ಈಗ ಆ ಬಾಯಿ ಕಪ್ಪು ನೀರಿನ ಅಡಿಯಲ್ಲಿ ಎಲ್ಲಿದೆಯೋ ಕಾಣುವುದಿಲ್ಲ. ಈ ಊರಿನಲ್ಲಿ ಹುಟ್ಟಿದವರಿಗೆ ತೆರೆದ ಮೋರಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಶೆಡ್ಡಿನಲ್ಲಿ ಮಕ್ಕಳು ಬೆಂಚಿನ ಮೇಲೆ ನಿಂತು ಅಳುತ್ತಿದ್ದರು. ಒಂದು ಮಗು ಇಳಿದು ನಮ್ಮ ಕಡೆ ಬರಲು ನೋಡಿತು.

"ಇಳೀಬ್ಯಾಡ," ಎಂದು ಕಿರುಚಿ, ಹಗ್ಗದ ಒಂದು ತುದಿಯನ್ನು ಮೆಟ್ಟಿಲಿನ ಕಂಬಕ್ಕೆ ಬಿಗಿದೆ, ಇನ್ನೊಂದನ್ನು ನನ್ನ ಸೊಂಟಕ್ಕೆ ಜಗ್ಗಿದರೂ ಬಿಚ್ಚದ ಗಂಟು ಹಾಕಿಕೊಂಡೆ. "ಪ್ರತೀಕ್ಷಾ, ಹಗ್ಗ ಹಿಡಿ. ಏನೇ ಆದರೂ ಬಿಡಬ್ಯಾಡ."

"ಮತ್ ಜಾ ಯಾರ್, ಹೋಗ್ಬೇಡ. ಟೀಚರ್ ಬರ್ಲಿ. ಪ್ಲೀಸ್," ಎಂದು ಅಳುತ್ತಲೇ ಅವಳು ಹಗ್ಗ ಹಿಡಿದಳು. ಹಿಡಿದಿದ್ದಳು, ಅದನ್ನು ಇಲ್ಲವೆನ್ನಲಾರೆ.

ಗೈಡುಗಳ ಉದ್ದನೆಯ ಕೋಲು ಇರುತ್ತದಲ್ಲ, ಅದರಿಂದ ನೆಲ ತಡವುತ್ತ ಹೋದೆ. ಶೆಡ್ಡಿನ ಬಾಗಿಲಲ್ಲಿ ನೆನೆದ ಗೋಣಿಚೀಲ ತೇಲುತ್ತಿದ್ದವು, ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಒಂದೊಂದೇ ಮಗುವನ್ನು ಬೆನ್ನಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ವಾಪಸು. ಮಕ್ಕಳು ಅಳದಿರಲೆಂದು ನಾನು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆ: ಆನೆ ಬಂತು, ಟ್ರೇನು ಬಂತು, ಮುಂದಿನ ಸ್ಟೇಶನ್ ವಡಾಲ. ಕೊನೆಯ ಮಗು ಗುಂಡುಗುಂಡಗಿದ್ದಳು, ನನ್ನ ಕತ್ತನ್ನೇ ಹಿಸುಕಿಬಿಟ್ಟಳು. ತಲೆ ಆಚೀಚೆ ಆಯಿತು, ಒಂದು ಹೆಜ್ಜೆ ತಪ್ಪಿತು. ಬಲಗಾಲು ಸೀದಾ ಮೋರಿಯೊಳಗೆ. ನೀರು ನನ್ನ ಗದ್ದಕ್ಕೆ ಬಂತು. ಮಗುವನ್ನು ತಲೆಯ ಮೇಲಕ್ಕೆತ್ತಿ ಹಿಡಿದೆ. ಹಗ್ಗ ಬಿಗಿಯಿತು. ಕಾಲು ಎಳೆದುಕೊಂಡಾಗ ಮೋರಿಯ ಕಬ್ಬಿಣದ ಅಂಚು ಮೊಣಕಾಲ ಕೆಳಗಿನಿಂದ ಹಿಮ್ಮಡಿಯವರೆಗೆ ಸೀಳಿತು.

ತಲೆಯೆತ್ತಿದರೆ ವನಜಾ ಟೀಚರ್ ಮೆಟ್ಟಿಲ ತಿರುವಿನಲ್ಲಿ ಕಟಕಟೆ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವಿಲ್ಲ. ಎಲ್ಲವನ್ನೂ ನೋಡಿದ್ದರು.

ಆಮೇಲೆ ಅವರೇ ನನ್ನ ಕಾಲು ತೊಳೆದು, ಔಷಧಿ ಹಚ್ಚಿ, ಬ್ಯಾಂಡೇಜು ಕಟ್ಟಿದರು. ನನ್ನ ಸ್ಕಾರ್ಫಿನ ತುದಿಯ ಗಂಟು ನೀರಿಗೆ ಬಿಗಿದು ಕಲ್ಲಾಗಿತ್ತು. ಅದನ್ನು ಅವರೇ ಹಲ್ಲಿನಿಂದ ಕಚ್ಚಿ ಬಿಚ್ಚಿದರು.

"ಇದು ಯಾರಿಗೂ ಹೇಳುದು ಬೇಡ ಮಗ, ಆಯ್ತಾ? ನಮ್ಮ ನಿಯಮ ಉಂಟಲ್ಲ."

ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಟೀಚರ್ ನನ್ನನ್ನು ಮಗ ಎಂದರು. ನನ್ನ ಗಂಟನ್ನು ತಮ್ಮ ಬಾಯಿಂದ ಬಿಚ್ಚಿದರು. ಮಕ್ಕಳನ್ನು ಶೆಡ್ಡಿನಲ್ಲಿ ಬಿಟ್ಟು ಹೋದವರು ಯಾರು, ಮೋರಿಯ ಮುಚ್ಚಳ ತೆಗೆಸಿದವರು ಯಾರು ಎಂಬ ಪ್ರಶ್ನೆ ಹೊರಗೆ ಬಂದರೆ ಅವರ ಕೆಲಸಕ್ಕೇ ಸಂಚಕಾರ ಎನ್ನುವುದು ಹದಿನಾಲ್ಕು ವರ್ಷದ ಹುಡುಗಿಗೆ ಹೇಗೆ ಹೊಳೆಯಬೇಕು? ಮಕ್ಕಳು ಮನೆಯಲ್ಲಿ "ಶಾಹೀನಕ್ಕ ಎತ್ತಿಕೊಂಡು ಬಂದಳು" ಅಂದಿರಬಹುದು. ಮಳೆಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡು ನೀರು ದಾಟುವುದು ಮುಂಬೈಯಲ್ಲಿ ಯಾರಿಗೂ ಸುದ್ದಿಯಲ್ಲ. ಮನೆಯಲ್ಲಿ ಜಾರಿ ಬಿದ್ದೆ ಎಂದೆ. ಅಮ್ಮಿ ಬೈದರು, ಅರಿಸಿನ ಹಾಲು ಕೊಟ್ಟರು. ನಾನು, ಬಾಯಿಬಡುಕಿ ಶಾಹೀನ, ತುಟಿ ಎರಡು ಮಾಡಲಿಲ್ಲ.

ಮಳೆ ನಿಂತಿತು, ನವರಾತ್ರಿ ಬಂತು, ದೀಪಾವಳಿ ಹೋಯಿತು. ಗಾಯ ಮಾಯ್ದು ಉದ್ದನೆಯ ಗೆರೆ ಉಳಿಯಿತು. ನಾನು ಯೂನಿಫಾರ್ಮಿಗೆ ಸಲ್ವಾರು ಹಾಕುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪರೀಕ್ಷೆಯ ಕ್ಯಾಂಪು ಬೋರಿವಲಿಯ ಆಚೆ, ಗುಡ್ಡದ ಬುಡದ ಒಂದು ಮೈದಾನದಲ್ಲಿ. ಡಿಸೆಂಬರಿನ ತಂಪು, ಒಣಹುಲ್ಲಿನ ವಾಸನೆ, ಎಲ್ಲ ಕಡೆಯ ಶಾಲೆಗಳ ಟೆಂಟು. ಗಂಟು, ಪ್ರಥಮ ಚಿಕಿತ್ಸೆ, ದಿಕ್ಕು ನೋಡುವುದು, ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿಸುವುದು, ಎಲ್ಲದರಲ್ಲೂ ನಾನು ಮುಂದೆ. ನಮ್ಮ ಬಾವುಟ ನಾನೇ ಮಡಚಿದ್ದೆ; ಎಸಳು ಉದುರಿದಾಗ ಬೇರೆ ಶಾಲೆಯವರೂ ಚಪ್ಪಾಳೆ ತಟ್ಟಿದರು. ಉಳಿದದ್ದು ಮೌಖಿಕ ಪರೀಕ್ಷೆಯೊಂದೇ.

ಅದು ಒಂದು ಟೆಂಟಿನೊಳಗೆ. ಪರೀಕ್ಷಕರು ವಯಸ್ಸಾದ ಒಬ್ಬ ಮರಾಠಿ ಮೇಡಂ, ಗಂಭೀರ, ಕೆಟ್ಟವರಲ್ಲ. ನಮ್ಮ ಕಂಪನಿಯಿಂದ ಮೊದಲು ಪ್ರತೀಕ್ಷಾ ಹೋದಳು. ನಾನು ಹೊರಗೆ ಟಾರ್ಪಾಲಿನ ಮೇಲೆ ಕೂತಿದ್ದೆ. ಟೆಂಟಿನ ಬಟ್ಟೆಗೆ ಮಾತು ತಡೆಯುವ ಶಕ್ತಿ ಎಲ್ಲಿಂದ ಬರಬೇಕು. "ಈ ವರ್ಷ ನೀನು ಮಾಡಿದ ದೊಡ್ಡ ಸೇವೆ ಯಾವುದು?" ಎಂದು ಮೇಡಂ ಹಿಂದಿಯಲ್ಲಿ ಕೇಳಿದ್ದು ಕೇಳಿಸಿತು. ಆಮೇಲೆ ಪ್ರತೀಕ್ಷಾ ಶುರುಮಾಡಿದಳು. ಶಾಲೆಗೆ ನೀರು ಬಂತು. ಪುಟ್ಟ ಮಕ್ಕಳು ಸಿಕ್ಕಿಹಾಕಿಕೊಂಡರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಒಂದೊಂದೇ ಮಗುವನ್ನು ಬೆನ್ನ ಮೇಲೆ ಹೊತ್ತು ತಂದೆ.

ಆನೆ ಬಂತು, ಟ್ರೇನು ಬಂತು ಎಂದು ನಾನು ಹೇಳಿದ್ದನ್ನೂ ಬಿಡಲಿಲ್ಲ. "ಶಾಬಾಶ್ ಬೇಟಾ," ಎಂದರು ಮೇಡಂ.

ನನ್ನ ಮೈಯೆಲ್ಲ ತಣ್ಣಗಾಯಿತು. ಸಿಟ್ಟಲ್ಲ, ಸಿಟ್ಟು ಆಮೇಲೆ ಬಂತು. ಮೊದಲು ನಾಚಿಕೆಯಾಯಿತು, ಯಾರೋ ನನ್ನ ಬಟ್ಟೆ ಹಾಕಿಕೊಂಡು ನಡೆದ ಹಾಗೆ. ಪ್ರತೀಕ್ಷಾ ಹೊರಗೆ ಬಂದವಳು ನನ್ನ ಮುಖ ನೋಡದೆ ನೀರಿನ ಡ್ರಮ್ಮಿನ ಕಡೆ ಹೋದಳು.

ಒಳಗೆ ಹೋದೆ. ಅದೇ ಪ್ರಶ್ನೆ.

"ಹೇಳಬಾರದು ಮೇಡಂ," ಎಂದೆ. "ಹೇಳಿದರೆ ಗಂಟು ಬಿಚ್ಚಿದ ಲೆಕ್ಕ ಅಲ್ಲ. ನಮ್ಮ ಕಂಪನಿಯ ನಿಯಮ."

"ಯೇ ಕೈಸಾ ನಿಯಮ್? ಅಭೀ ತೋ ತುಮ್ಹಾರಿ ಸಹೇಲಿ ಬೋಲ್ ಕೆ ಗಯೀ."

ಇದೆಂಥ ನಿಯಮ, ನಿನ್ನ ಗೆಳತಿ ಈಗಷ್ಟೇ ಹೇಳಿಹೋದಳಲ್ಲ ಎಂದರು ಮೇಡಂ. ಹೇಳುವುದಾದರೆ ಏನು ಹೇಳಲಿ? ಅದೇ ನೀರು, ಅದೇ ಹಗ್ಗ, ಅದೇ ಆನೆ. ಕದ್ದು ಕೇಳಿ ಬಂದು ಹೇಳುತ್ತಿದ್ದಾಳೆ ಅಂದುಕೊಳ್ಳುವುದಿಲ್ಲವೇ? ಸಲ್ವಾರಿನ ಅಂಚು ಎತ್ತಿ ಕಾಲು ತೋರಿಸಬಹುದಿತ್ತು. ನನಗದು ಬೇಕಾಗಲಿಲ್ಲ. ಯಾಕೆಂದರೆ ಮೇಡಂ, "ಇವಳ ಕ್ಯಾಪ್ಟನ್ನನ್ನು ಕರೆಯಿರಿ" ಎಂದರು, ನನ್ನ ಜೀವ ನಿರಾಳವಾಯಿತು. ಮಾಡಿದವರು ಹೇಳಬಾರದು, ನಿಜ. ನೋಡಿದವರು ಹೇಳಬಾರದು ಎಂದು ನಮ್ಮ ನಿಯಮದಲ್ಲಿ ಎಲ್ಲೂ ಇರಲಿಲ್ಲ.

ವನಜಾ ಟೀಚರ್ ಬಂದರು. ಮೇಡಂ ಅವರಿಗೆ ಎಲ್ಲ ಹೇಳಿದರು: ಪ್ರತೀಕ್ಷಾ ಎಂಥ ದೊಡ್ಡ ಕೆಲಸ ಮಾಡಿದ್ದಾಳೆ, ಈ ಹುಡುಗಿ ಮಾತ್ರ ಬಾಯಿಯೇ ಬಿಡುತ್ತಿಲ್ಲ, ಇವಳು ಏನಾದರೂ ಸೇವೆ ಮಾಡಿದ್ದಾಳೋ ಇಲ್ಲವೋ. ಟೀಚರ್ ನನ್ನ ಕಡೆ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಬಹುಶಃ ನಗುವೂ ಇತ್ತು, ಈಗ ಹೇಳುತ್ತಾರೆ ಎಂದು.

ಅವರು ನನ್ನ ಮೇಲಿಂದ ಕಣ್ಣು ತೆಗೆದು ಟೆಂಟಿನ ಕಂಬದ ಮೇಲಿಟ್ಟರು.

"ಶಾಲೆ ಗುಡಿಸುದು, ಗಿಡ ನೆಡುದು, ಅಂಥದ್ದೆಲ್ಲ ಮಾಡಿದ್ದಾಳೆ ಮೇಡಂ," ಎಂದು ಹಿಂದಿಯಲ್ಲಿ ಹೇಳಿ, ಸ್ವಲ್ಪ ತಡೆದು ಸೇರಿಸಿದರು: "ಇವಳಿಗೆ ಮಾತು ಸ್ವಲ್ಪ ಕಮ್ಮಿ."

ನನಗೆ. ಮಾತು. ಕಮ್ಮಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೈಡುಗಳ ಮೊದಲ ನಿಯಮವೇ, ಗೈಡ್ ನಂಬಿಕೆಗೆ ಅರ್ಹಳು ಎಂದು. ಅದನ್ನು ನನಗೆ ಬಾಯಿಪಾಠ ಮಾಡಿಸಿದ ಬಾಯಿಯೇ ಅದು. ಸೆಲ್ಯೂಟ್ ಮಾಡಿ ಹೊರಗೆ ಬಂದೆ. ನಾನು ಪಾಸಾಗಲಿಲ್ಲ. ಸೇವೆಯ ವಿಭಾಗ ಸಾಲದು ಎಂದರು. ಪ್ರತೀಕ್ಷಾ ಪಾಸಾದಳು, ಪಾಸಾದವರಲ್ಲೇ ಅವಳ ಹೆಸರನ್ನು ವಿಶೇಷವಾಗಿ ಹೇಳಿದರು.

ವಾಪಸು ಬರುವಾಗ ಲೋಕಲ್ಲಿನಲ್ಲಿ ಟೀಚರ್ ನನ್ನ ಪಕ್ಕ ಬಂದು ಕೂತರು. ಪ್ರತೀಕ್ಷಾ ದೂರದ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

"ನಾನೆಂತ ಮಾಡ್ಲಿ, ನೀನೇ ಹೇಳು. ಅವಳು ಹೇಳಿ ಆಗಿತ್ತು. ನಾನು ಬಾಯಿ ಬಿಟ್ಟಿದ್ರೆ ಅವಳು ಎಲ್ಲರೆದುರು ಸುಳ್ಳುಬುರುಕಿ ಆಗ್ತಿದ್ಲು. ನಮ್ಮ ಕಂಪನಿ ಹೆಸರು ಹೋಗ್ತಿತ್ತು. ಅವಳ ಅಪ್ಪ ಬೇರೆ ಕಮಿಟಿಯಲ್ಲಿದ್ದಾರೆ. ಆ ಮೋರಿ ವಿಷಯ ಎಲ್ಲ ಹೊರಗೆ ಬರ್ತಿತ್ತು."

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

"ನೀನು ದೊಡ್ಡ ಮನಸ್ಸು ಮಾಡಿದಿ ಮಗ. ಇದೂ ಒಂದು ಒಳ್ಳೆ ಕೆಲಸವೇ ಅಲ್ವಾ?" ಎನ್ನುತ್ತ ಕೈ ಚಾಚಿ, ಬೆಳಿಗ್ಗೆ ನಾನು ಕಟ್ಟಿದ್ದ ಸ್ಕಾರ್ಫಿನ ಗಂಟನ್ನು ಬಿಚ್ಚಲು ಬಂದರು.

ಸ್ಕಾರ್ಫು ಕಿತ್ತುಕೊಂಡು ಎದ್ದು ಹೋದೆ. ನನ್ನ ದೊಡ್ಡ ಮನಸ್ಸನ್ನು ಕೇಳಿದವರು ಯಾರು? ಮನಸ್ಸು ನನ್ನದು, ಮಾಡಿದವರು ಅವರು. ಜುಲೈಯಲ್ಲಿ ಹಲ್ಲಿನಿಂದ ಬಿಚ್ಚಿದ ಗಂಟಿನ ಸಂತೋಷವನ್ನೂ ಅವತ್ತು ಆ ಟ್ರೇನಿನಲ್ಲಿ ಕಿತ್ತುಕೊಂಡರು. ಆಗ ಹೇಳಿದ್ದೂ ಇದಕ್ಕೇ ಅಲ್ಲವೇ, ಯಾರಿಗೂ ಹೇಳುದು ಬೇಡ ಅಂತ. ಅದು ನಿಯಮವಾಗಿರಲಿಲ್ಲ. ತಮ್ಮ ಬಾಗಿಲಿಗೆ ತಾವು ಹಾಕಿಕೊಂಡ ಚಿಲಕವಾಗಿತ್ತು.

ಮನೆಗೆ ಬಂದ ಮೇಲೆ ಮೊದಲ ಸಲ ಅಬ್ಬಾಗೆ ಎಲ್ಲ ಹೇಳಿದೆ. ಸಲ್ವಾರು ಎತ್ತಿ ಕಾಲು ತೋರಿಸಿದೆ. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು, ಚರ್ಮ ನೋಡಿ ಬಲ್ಲ ಬೆರಳು.

"ಅಕ್ಕೋರು ನೋಡಿದ್ರಿಲ್ಲ?"

"ನೋಡಿದ್ರು."

"ಮತ್ತ ನೀ ಯಾಕ ಸುಮ್ಮನಿದ್ದಿ?"

"ಅವರ ಹೇಳ್ತಾರಂತ ಮಾಡಿದ್ದೆ ಅಬ್ಬಾ."

ಅಬ್ಬಾ ನನ್ನ ಸಲ್ವಾರಿನ ಅಂಚು ಕೆಳಗೆ ಎಳೆದರು. "ನಮ್ಮನಿ ಚಾಪಿ ಮ್ಯಾಲ ಕುಂತು ಹೇಳಿದ್ರವ್ವಾ, ಜವಾಬ್ದಾರಿ ನಂದಂತ," ಎಂದರು. ಅಷ್ಟೇ. ಅವತ್ತಿನಿಂದ ಲೋಕಲ್ಲಿನ ಸದ್ದಿಗೆ ಅವರ ಸೂಜಿ ನಿಲ್ಲಲಿಲ್ಲ. ನನಗೆ ಪುರಸ್ಕಾರ ಹೋದದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತದೆ, ಇವತ್ತಿಗೂ. ಪ್ರತೀಕ್ಷಾಗೆ ಆ ಪ್ರಮಾಣಪತ್ರ ಯಾವ ಕೆಲಸಕ್ಕೂ ಬೇಕಾಗಲಿಲ್ಲ. ಅವಳು ರೈಲ್ವೆಗೆ ಅರ್ಜಿ ಹಾಕಲೂ ಇಲ್ಲ. ಗಲ್ಲಾದ ಮೇಲೆ ತೂಗುಹಾಕಲು ಒಂದು ಫ್ರೇಮು, ಅಷ್ಟಕ್ಕೆ.

ಈ ಜುಲೈಯಲ್ಲಿ ಪ್ರತೀಕ್ಷಾಳೇ ಫೋನು ಮಾಡಿದ್ದಳು. "ಶಾಹೀನ್, ವನಜಾ ಟೀಚರ್‌ಗೆ ಲಾಂಗ್ ಸರ್ವಿಸ್ ಮೆಡಲ್ ಮಿಲಾ ಹೈ. ಮಾಟುಂಗದಲ್ಲಿ ಸನ್ಮಾನ. ಓಲ್ಡ್ ಗೈಡ್ಸ್ ಎಲ್ಲ ಬರ್ತಾ ಇದ್ದಾರೆ. ನೀನು ಟೀಚರ್ ಬಗ್ಗೆ ಎರಡು ಮಾತು ಬೋಲ್ ನಾ. ನನ್ನ ಕನ್ನಡ ತೋ ಗೊತ್ತಲ್ಲ, ಏಕ್‌ದಮ್ ಬೇಕಾರ್." ಹಳೆಯದರ ಸುದ್ದಿಯೇ ಇಲ್ಲ. ಬರುತ್ತೇನೆ ಎಂದೆ. ಯಾಕೆ ಎಂದೆನೋ. ಬಹುಶಃ ಅಷ್ಟು ವರ್ಷದಲ್ಲಿ ಅವರು ಮರೆತಿರಬಹುದು ಎಂದುಕೊಂಡಿದ್ದೆ. ವಯಸ್ಸಾಯಿತು, ಎಷ್ಟೋ ಮಕ್ಕಳು, ಎಷ್ಟೋ ಕ್ಯಾಂಪು. ಮರೆತಿದ್ದರೆ ನಾನೂ ಬಿಟ್ಟುಬಿಡುವುದು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಎರಡು ಒಳ್ಳೆಯ ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ, ಬಾವುಟದ ಎಸಳಿನ ಬಗ್ಗೆ, ಬಿಳಿ ಶೂಗಳ ಬಗ್ಗೆ. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟನ್ನೂ ಹಾಕಿದ್ದೆ.

ಮಳೆ ಕಡಿಮೆಯಾದ ಮೇಲೆ, ಸ್ಕಾರ್ಫು ಕತ್ತಿಗೆ ಹಾಕಿಕೊಂಡು, ಹೋಟೆಲಿನಿಂದ ಎದ್ದು ಸಭಾಂಗಣಕ್ಕೆ ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಕನ್ನಡ ಸಂಘದ ಹಿರಿಯರು. ಟೀಚರ್ ವೇದಿಕೆಯ ಪಕ್ಕದ ಕುರ್ಚಿಯಲ್ಲಿದ್ದರು. ಕೂದಲು ಪೂರ್ತಿ ಬಿಳಿ, ಎದೆಯ ಮೇಲೆ ಮೆಡಲು. ನನ್ನನ್ನು ನೋಡಿ ಎದ್ದು ನಿಂತು, ಗೈಡುಗಳ ಪದ್ಧತಿಯಂತೆ ಎಡಗೈ ಚಾಚಿದರು. ನಾನೂ ಎಡಗೈ ಕೊಟ್ಟೆ.

"ಎಷ್ಟು ದೊಡ್ಡವಳಾಗಿದ್ದಿ ಮಾರಾಯ್ತಿ," ಎಂದರು. ಆಮೇಲೆ ದನಿ ತಗ್ಗಿಸಿ, ಕಿವಿಯ ಹತ್ತಿರ ಬಂದು, "ಆ ಕಾಲು ಹೇಗುಂಟು? ಕಲೆ ಹೋಯ್ತಾ?"

ಮರೆತಿರಲಿಲ್ಲ. ಎಲ್ಲ ನೆನಪಿತ್ತು. ಯಾವ ಕಾಲು ಎನ್ನುವುದೂ ನೆನಪಿದ್ದಿರಬೇಕು.

"ಇಲ್ಲ ಟೀಚರ್, ಹೋಗಿಲ್ಲ," ಎಂದೆ. ಜೋಡಿಸಿಟ್ಟುಕೊಂಡ ಮಾತೆಲ್ಲ ಅಲ್ಲೇ ಉದುರಿಹೋಯಿತು.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಪ್ರತೀಕ್ಷಾ ರೇಷ್ಮೆ ಸೀರೆಯಲ್ಲಿ ಫೋನು ಎತ್ತಿ ವಿಡಿಯೋ ಹಿಡಿದಿದ್ದಳು.

"ನಮಸ್ಕಾರ. ನಾನು ಶಾಹೀನ, ಕಮಲ ಪೆಟ್ರೋಲಿನ ಲೀಡರ್ ಆಗಿದ್ದವಳು. ಒಳ್ಳೆಯ ಕೆಲಸ ಮಾಡಿದವರು ಅದನ್ನು ಹೇಳಬಾರದು ಎಂದು ಟೀಚರ್ ನಮಗೆ ಕಲಿಸಿದರು. ನೋಡಿದವರೂ ಹೇಳಬಾರದು ಅನ್ನುವುದನ್ನು ಒಂದು ದಿನ ತಾವೇ ಮಾಡಿ ತೋರಿಸಿದರು. ಅದಕ್ಕೇ ಅವರ ಬಗ್ಗೆ ಇವತ್ತು ನಾನೂ ಏನೂ ಹೇಳುವುದಿಲ್ಲ. ಹೇಗೂ ನನಗೆ ಮಾತು ಸ್ವಲ್ಪ ಕಮ್ಮಿ. ಟೀಚರಿಗೆ ಗೊತ್ತು."

ಮೈಕು ಬಿಟ್ಟು ಇಳಿದೆ. ಆಮೇಲೆ ಚಪ್ಪಾಳೆ, ಅಂದಿನ ಸಭೆಯಲ್ಲೇ ದೊಡ್ಡ ಚಪ್ಪಾಳೆ. ನಿರೂಪಣೆ ಮಾಡುತ್ತಿದ್ದವರು, "ಎಂಥ ಸಂಸ್ಕಾರ ನೋಡಿ, ಇಂಥ ವಿನಯ ಕಲಿಸಿದ ಗುರುಗಳು ಧನ್ಯರು," ಎಂದರು. ಪ್ರತೀಕ್ಷಾಳ ಫೋನು ಮೆಲ್ಲಗೆ ಕೆಳಗಿಳಿಯಿತು. ಟೀಚರ್ ಚಪ್ಪಾಳೆ ತಟ್ಟಲಿಲ್ಲ. ಶಾಲಿನ ಅಂಚು ಹಿಡಿದು, ಅವತ್ತು ಟೆಂಟಿನ ಕಂಬ ನೋಡಿದ ಹಾಗೆ, ಸಭಾಂಗಣದ ಕಂಬವನ್ನು ನೋಡುತ್ತಿದ್ದರು.

ನಾನು ಊಟಕ್ಕೆ ನಿಲ್ಲಲಿಲ್ಲ. ಸ್ಟೇಶನ್ನಿನಲ್ಲಿ ಟ್ರೇನಿಗೆ ಕಾಯುತ್ತ ಬೆಂಚಿನ ಮೇಲೆ ಕೂತೆ. ಅಬ್ಬಾ ಹೊಲಿದ ವಾಗಲ್ ಸಡಿಲಿಸಿ ಸ್ಕಾರ್ಫು ತೆಗೆದೆ, ಮಡಚಲು ಹೋದರೆ ತುದಿಯ ಗಂಟು ಬೆರಳಿಗೆ ಸಿಕ್ಕಿತು. ಬಿಚ್ಚಲಿಲ್ಲ. ಅವತ್ತು ನಾನು ಯಾವ ಒಳ್ಳೆಯ ಕೆಲಸವನ್ನೂ ಮಾಡಿರಲಿಲ್ಲ.